ಕಣ್ಣಿಲ್ಲದ ಗೆಡ್ಡೆ

ಡೇರೆ ಹೂವಿನ ಗೆಡ್ಡೆಗೆ ಚಿಗುರೊಡೆಯುವ ಕಣ್ಣಿರುವುದು ಕುತ್ತಿಗೆಯಲ್ಲಿ, ಹಳೆಯ ಕಾಂಡಕ್ಕೆ ಅಂಟಿಕೊಂಡ ಜಾಗದಲ್ಲಿ. ಬಿಡಿಸುವಾಗ ಕತ್ತಿ ಅರ್ಧ ಬೆರಳು ಕೆಳಗೆ ಬಿದ್ದರೆ ಸಾಕು, ಕೈಗೆ ಬರುವುದು ಬರೀ ಗೆಡ್ಡೆ. ಅದು ಮಣ್ಣಿನಲ್ಲಿ ಬೇರು ಬಿಡುತ್ತದೆ, ಕೊಳೆಯದೆ ಗಟ್ಟಿಯಾಗಿ ಉಳಿಯುತ್ತದೆ, ಆದರೆ ಯಾವತ್ತೂ ಚಿಗುರುವುದಿಲ್ಲ. ನಮ್ಮ ಕಡೆ ಗಿಡ ಕೇಳಿದವರಿಗೆ ಇಲ್ಲ ಅನ್ನುವಂತಿಲ್ಲ. ಕೊಡಲು ಮನಸ್ಸಿಲ್ಲದವರು ನಗುನಗುತ್ತಾ ಇಂಥದ್ದೊಂದು ಗೆಡ್ಡೆ ಕೈಗಿಟ್ಟು, ಕಾಫಿ ಕುಡಿಸಿ ಕಳಿಸುತ್ತಾರೆ. ನಾನೂ ಹಾಗೆ ಕೊಟ್ಟಿದ್ದೇನೆ, ಒಬ್ಬರಿಗೆ.

ಅವರು ಬಾಳೂರಿನ ಕಡೆ ಎಸ್ಟೇಟ್ ಒಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರ ಹೆಂಡತಿ. ನಾನು ಅಕ್ಕ ಅನ್ನುತ್ತಿದ್ದೆ. ಮದುವೆಯಾಗಿ ಮಲ್ಲಂದೂರಿಗೆ ಬಂದಾಗ ಹೂವೆಂದರೆ ಮುಡಿಯುವುದು ಅಂತಷ್ಟೇ ನನಗೆ ಗೊತ್ತಿತ್ತು. ಹೊಸ ಹೂವನ್ನೇ ಹುಟ್ಟಿಸಬಹುದು ಎಂದು ತೋರಿಸಿದವರು ಅಕ್ಕ. ಒಂದು ಡೇರೆಯ ಪರಾಗವನ್ನು ಮಕ್ಕಳ ಬ್ರಷ್‌ನಲ್ಲಿ ತೆಗೆದು ಇನ್ನೊಂದಕ್ಕೆ ಸವರಬೇಕು. ಜೇನು ಮುಟ್ಟದ ಹಾಗೆ ಹಳೇ ಸೊಳ್ಳೆಪರದೆಯ ಚೂರು ಕಟ್ಟಬೇಕು. ಬೀಜ ಬಲಿತ ಮೇಲೆ ಬಿತ್ತಬೇಕು. ಗೆಡ್ಡೆಯಿಂದ ತಾಯಿಯ ಹೂವೇ ಬರುತ್ತದೆ, ಬೀಜದಿಂದ ಬರುವುದು ಒಂದೊಂದೂ ಬೇರೆ. ಬಹುಪಾಲು ಕಿತ್ತು ಗೊಬ್ಬರದ ಗುಂಡಿಗೆ ಹಾಕುವಂಥದ್ದೇ.

ಒಂಬತ್ತು ವರ್ಷ ಬಿತ್ತಿ, ಕಿತ್ತು ಸಾಕಾದ ಮೇಲೆ ಆ ಹೂ ಅರಳಿತು. ಹಣ್ಣು ಕಾಫಿಯ ಕೆಂಪು, ಎಸಳಿನ ಬೆನ್ನಿಗೆ ಮಾತ್ರ ಬೂದಿಬಿಳುಪು. ತಾಯಿಗಿಡ ಅಕ್ಕ ಕೊಟ್ಟದ್ದು, ತಂದೆಗಿಡವೂ ಅವರ ಅಂಗಳದ್ದೇ. ಆದರೂ ಹೂ ನನ್ನೊಬ್ಬಳದೇ ಎಂಬ ಜಂಬ ತಲೆಗೇರಿತ್ತು. ಮುಂದಿನ ಫ್ಲವರ್ ಶೋಗೆ ಇದು ಬೇರೆ ಯಾರ ಕೈಯಲ್ಲೂ ಇರಬಾರದಿತ್ತು.

ಬೇಸಿಗೆಯಲ್ಲಿ ಅಕ್ಕ ಬಂದರು. "ನಂಗೂ ಒಂದು ಗೆಡ್ಡೆ ಕೊಡೇ" ಅಂದರು. ಒಳಗೆ ಹೋಗಿ, ಕಣ್ಣಿದ್ದ ಮೂರನ್ನು ಮರಳಿನ ಬುಟ್ಟಿಯಲ್ಲೇ ಬಿಟ್ಟು, ಕಣ್ಣಿಲ್ಲದ ದಪ್ಪನೆಯದೊಂದನ್ನು ಆರಿಸಿ ತಂದೆ. ಅವರು ಹೆಬ್ಬೆರಳಿನಿಂದ ಅದರ ಕುತ್ತಿಗೆ ಸವರಿದರು. ಆಮೇಲೆ ಸೆರಗಿನಲ್ಲಿ ಕಟ್ಟಿಕೊಂಡರು. ಗೆಡ್ಡೆ ಬಿಡಿಸುವುದನ್ನು ನನಗೆ ಕಲಿಸಿದ್ದು ಅದೇ ಕೈ.

ಆ ಮಳೆಗಾಲವಿಡೀ ಅವರ ಫೋನ್. "ಇನ್ನೂ ಬಂದಿಲ್ಲ ಕಣೇ. ಕೆದಕಿ ನೋಡ್ದೆ, ಗಟ್ಟಿಯಾಗೇ ಇದೆ." ನಿಜ ಹೇಳಿ, ನನ್ನ ಗಿಡದಿಂದ ಒಂದು ತುಂಡು ಕಳಿಸಲು ಆಗಲೂ ಸಮಯವಿತ್ತು. ಕಾಯಿರಿ ಅಕ್ಕ ಅಂದೆ. ನಾಲಿಗೆ ತಡವರಿಸಲೂ ಇಲ್ಲ.

ಚಿಕ್ಕಮಗಳೂರಿನ ಶೋನಲ್ಲಿ ನನಗೆ ಮೊದಲ ಬಹುಮಾನ ಬಂತು. ಅಕ್ಕ ಬಸ್ಸು ಹತ್ತಿ ಬಂದಿದ್ದರು. ಹೂವಿನ ಮುಂದೆ ತುಂಬಾ ಹೊತ್ತು ನಿಂತು, ಪಕ್ಕದವರಿಗೆ, "ನಮ್ಮನೇಲೂ ಇದೆ ಇದು. ಸ್ವಲ್ಪ ನಿಧಾನ" ಅಂದರು. ನಾನು ಬೇರೆ ಕಡೆ ನೋಡಿದೆ.

ಶೋ ಮುಗಿದು ಎರಡು ವಾರಕ್ಕೆ, ಬೆಳಿಗ್ಗೆ ಎದ್ದು ನೋಡಿದರೆ ಪಾತಿಯಲ್ಲಿ ಮೂರು ಗುಂಡಿ. ಮುಳ್ಳುಹಂದಿ ಮೂರೂ ಗಿಡದ ಗೆಡ್ಡೆಯನ್ನು ಚೂರೂ ಬಿಡದೆ ತಿಂದಿತ್ತು. ಕಾಂಡಗಳು ಬಾಡಿ ಬಿದ್ದಿದ್ದವು. ನಾಲ್ಕು ಮನೆಗೆ ಹಂಚಿದ್ದರೆ ಒಂದು ಅಂಗಳದಿಂದಾದರೂ ವಾಪಸ್ ಬರುತ್ತಿತ್ತು. ಕೇಳಿದವರಿಗೆ ಇಲ್ಲ ಅನ್ನಬಾರದು ಎಂದು ಹಿರಿಯರು ಮಾಡಿದ್ದು ಇದಕ್ಕೇ ಎಂದು ಅವತ್ತು ತಿಳಿಯಿತು.

ಕಾಫಿ ಕೊಯ್ಲಿನ ಹೊತ್ತಿಗೆ ಅಕ್ಕ ತೀರಿಕೊಂಡರು. ಶಿವಗಣಾರಾಧನೆಯ ದಿನ ಊಟ ಮುಗಿಸಿ ಹೊರಟವಳಿಗೆ ಅವರ ಸೊಸೆ ಒಂದು ಪೇಂಟ್ ಡಬ್ಬಿ ತಂದುಕೊಟ್ಟಳು. ತುಂಬ ಮಣ್ಣು, ಅದರೊಳಗೆ ನಾನು ಕೊಟ್ಟಿದ್ದ ಗೆಡ್ಡೆ. "ಅತ್ತೆ ಕೊನೇವರ್ಗೂ ನೀರು ಹಾಕಿದ್ರು. ಇದು ಅವಳದ್ದು, ಅವಳಿಗೇ ಮುಟ್ಸು ಅಂದಿದ್ರು. ಬಂದ್ಮೇಲೆ ನಂಗೊಂದು ಗೆಡ್ಡೆ ಕೊಡಿ, ಅವ್ರ ನೆನಪಿಗೆ." ಅದಕ್ಕೆ ಕಣ್ಣಿಲ್ಲವೆಂದು ಅಕ್ಕನಿಗೆ ಗೊತ್ತಿತ್ತೇ ಎಂದು ಕೇಳಲು ಇನ್ನು ಯಾರೂ ಇಲ್ಲ.

ಆ ಹೂವಿನ ಜೀವ ಈಗ ಇಡೀ ಭೂಮಿಯ ಮೇಲೆ ಉಳಿದಿರುವುದು ಆ ಡಬ್ಬಿಯೊಳಗೆ ಮಾತ್ರ. ಜಗಲಿಯ ಮೂಲೆಯಲ್ಲಿಟ್ಟಿದ್ದೇನೆ. ಅದರ ಕಡೆ ಹೋಗಲು ಭಯ, ಹೋಗದಿರಲೂ ಆಗುವುದಿಲ್ಲ. ದಿನಾ ಬೆಳಿಗ್ಗೆ ಮಣ್ಣು ಕೆದಕಿ ಕುತ್ತಿಗೆ ಸವರುತ್ತೇನೆ. ಏನೂ ಇರುವುದಿಲ್ಲ.

ಮೊನ್ನೆ ಅಕ್ಕನ ಸೊಸೆಯ ಫೋನ್ ಬಂತು. ಚಿಗುರಿತಾ ಅಂತ ಕೇಳಿದಳು.

"ಗಟ್ಟಿಯಾಗೇ ಇದೆ ಕಣಮ್ಮ," ಅಂದೆ. "ಸ್ವಲ್ಪ ನಿಧಾನ."