ದೂಜಣ್ಣನ ಮಾಂಸಾಹಾರಿ ಬಾಲ್ಕನಿ

ಫೋರ್ಟಿನ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಆಯುಷ್ಯವಿಡೀ ನೊಣ ಓಡಿಸಿದ ದೂಜಣ್ಣ, ರಿಟೈರಾಗಿ ಮಲಾಡಿನ ಮನೆಯಲ್ಲಿ ಕೂತ ಮೇಲೆ ನೊಣಗಳನ್ನು ಕರೆದು ಉಪಚರಿಸುವ ಗಿಡ ಸಾಕತೊಡಗಿದರು. ಎಲೆಯ ತುದಿಗೆ ಪುಟ್ಟ ಹೂಜಿ ತೂಗಿಬಿಟ್ಟು, ಅಂಚಿಗೆ ಸಿಹಿ ಸವರಿಕೊಂಡು, ಜಾರಿ ಬಿದ್ದ ಹುಳುಗಳನ್ನು ಒಳಗಿನ ನೀರಿನಲ್ಲೇ ಅರಗಿಸಿಕೊಳ್ಳುವ ಹೂಜಿಗಿಡ. ಒಂದು ಹೋಗಿ ಹತ್ತಾದವು. ಹೆಂಡತಿ ನೀಲಾವತಿಯ ಬಟ್ಟೆಹಗ್ಗ ಬಾಲ್ಕನಿಯಿಂದ ಹಾಲಿಗೆ ಬಂತು. ನಲ್ಲಿನೀರು ಆ ಗಿಡಗಳಿಗೆ ಆಗದೆಂದು ದೂಜಣ್ಣ ಬಕೆಟ್ ಹಿಡಿದು ಮನೆಮನೆಯ ಎ.ಸಿ.ಯಿಂದ ಸೋರುವ ನೀರು ಬೇಡಿ ತರುತ್ತಿದ್ದರು.

ಅದು ಮೀನು, ಮಾಂಸ ಬೇಯಿಸಬಾರದ ಬಿಲ್ಡಿಂಗು. ಬಂಗುಡೆ ತಿನ್ನಬೇಕೆನಿಸಿದರೆ ದೂಜಣ್ಣನೇ ಪರೇಲಿನ ತಂಗಿಯ ಮನೆಗೆ ಹೋಗುತ್ತಿದ್ದರು. ಒಂದು ದಿನ ಸೊಸೈಟಿಯ ಸೆಕ್ರೆಟರಿ ವಿನೋದಿನಿಯವರು ಹೂಜಿಯೊಳಗೆ ಜಿರಲೆಯ ಕಾಲು ಕಂಡು ಮೀಟಿಂಗ್ ಕರೆದರು.

"ಯೇ ಪ್ಲಾಂಟ್ ನಾನ್‌ವೆಜ್ ಹೈ ಕ್ಯಾ?"

"ಬೇಯಿಸುವುದಿಲ್ಲ ಮೇಡಂ, ಹಸಿಯೇ ತಿನ್ನುತ್ತದೆ," ಎಂದು ದೂಜಣ್ಣ ತುಳು ಬೆರೆತ ಹಿಂದಿಯಲ್ಲಿ ವಿನಯದಿಂದ ಹೇಳಿದರು.

ಲಿಫ್ಟು ಕೆಟ್ಟ ವಿಷಯ ಬದಿಗಿಟ್ಟು ಸಭೆ ಇದನ್ನೇ ಚರ್ಚಿಸಿತು. ಕೊನೆಗೆ, ಏಕಾದಶಿಯಂದು ಗಿಡಗಳೂ ಉಪವಾಸವಿರಬೇಕು, ಹೂಜಿಗಳ ಬಾಯಿಗೆ ಹತ್ತಿ ತುರುಕಬೇಕು ಎಂದು ಠರಾವಾಯಿತು. ದೂಜಣ್ಣ ಚಾಚೂ ತಪ್ಪದೆ ತುರುಕಿದರು.

ಆ ಮಳೆಗಾಲದಲ್ಲಿ ಅವರ ಹೆಣ್ಣುಗಿಡವೊಂದು ಹೂಬಿಟ್ಟಿತು. ಈ ಜಾತಿಯಲ್ಲಿ ಗಂಡುಗಿಡವೇ ಬೇರೆ. ಇದೇ ಗಿಡದ ಹುಚ್ಚಿನ, ಪರೇಲಿನ ಆಸ್ಪತ್ರೆಯೊಂದರ ಕ್ಲಾರ್ಕ್ ಚೇತನನ ಮನೆಯಲ್ಲಿ ಬೇರೆ ತಳಿಯ ಗಂಡು ಹೂಬಿಟ್ಟಿದೆಯೆಂದು ತಿಳಿದದ್ದೇ ತಡ, ಲೋಕಲ್ ರೈಲಿನಲ್ಲಿ ಹೋಗಿ ಅದರ ಪರಾಗವನ್ನು ಕಾಗದದಲ್ಲಿ ಮಡಚಿ, ಗರ್ದಿಯಲ್ಲಿ ಎದೆಗೊತ್ತಿಕೊಂಡು ತಂದರು. ಬೀಜವಾಗಿ, ಮೊಳೆತು, ಮಿಶ್ರತಳಿಯ ಮೊದಲ ದೊಡ್ಡ ಹೂಜಿ ತೂಗಲು ವರ್ಷಗಳೇ ಹಿಡಿದವು. ಕೆಂಪು ಬಾಯಿ, ಚುಕ್ಕೆಯ ಹೊಟ್ಟೆ.

"ಇದಕ್ಕೆ ನಿನ್ನ ಹೆಸರಿಟ್ಟಿದ್ದೇನೆ ಮಾರಾಯ್ತಿ."

ನೀಲಾವತಿ ಹೂಜಿಯೊಳಗೆ ಇಣುಕಿದರು. "ಬಾಯಿ ಕಳೆದು ನೊಣ ತಿನ್ನುವುದಕ್ಕೆ ನನ್ನ ಹೆಸರಾ? ಬೇಡ, ನಿಮ್ಮದೇ ಇಡಿ."

ನೀಲಾವತಿ ಅಡುಗೆಮನೆಗೆ ಹೋದ ಹೊತ್ತಿಗೆ ಗಿಡಗಳ ತಪಾಸಣೆಗೆ ಬಂದ ವಿನೋದಿನಿಯವರು ಆ ಹೂಜಿಯ ಮುಂದೆ ನಿಂತು ಹೆಸರೇನೆಂದು ಕೇಳಿದರು. ದೂಜಣ್ಣ ಹೋಟೆಲಿನಲ್ಲಿ ಪಳಗಿದ ಮನುಷ್ಯ. "ನಿಮ್ಮದೇ ಮೇಡಂ, ವಿನೋದಿನಿ," ಅಂದರು.

ಮರುವಾರ ಗಿಡ ಬಿಲ್ಡಿಂಗಿನ ಗೇಟಿನ ಪಕ್ಕ, ಹಿತ್ತಾಳೆಯ ಹೆಸರುಫಲಕದ ಜೊತೆ ತೂಗುತ್ತಿತ್ತು. ವಿನೋದಿನಿಯವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ತರಕಾರಿ ತರಲು ಹೋದ ನೀಲಾವತಿ ಫಲಕ ಓದಿ, ಖಾಲಿ ಚೀಲ ಹಿಡಿದೇ ಮೇಲೆ ಬಂದರು.

"ನನ್ನ ಹೆಸರಿನ ಗಿಡಕ್ಕೆ ಅವಳ ಹೆಸರು ಯಾಕೆ ಇಟ್ಟಿರಿ?"

"ನೀನೇ ಬೇಡ ಅಂದೆಯಲ್ಲ?"

"ಬೇಡ ಅಂದರೆ ಇನ್ನೊಮ್ಮೆ ಕೇಳಬೇಕೆಂದು ನಿಮಗೆ ಗೊತ್ತಿಲ್ಲವಾ?"

ಅವತ್ತು ದೂಜಣ್ಣ ನಿನ್ನೆಯ ಗಂಜಿ ಉಂಡರು.