ಡಬ್ಬಿಂಗ್‌ನವರ ಒಂದು ‘ಬರ್ತೀನಿ’

ಒಂದು ಸಿನಿಮಾ ನನ್ನ ತಂಗಿಯನ್ನು ಗಂಡನ ಮನೆಗೆ ವಾಪಸ್ ಕಳಿಸಿತು ಅಂದರೆ ನಂಬುತ್ತೀರಾ? ಹೋದ ಭಾನುವಾರ ಚಳ್ಳಕೆರೆಯ ನಮ್ಮ ತವರುಮನೆಯಲ್ಲೇ ನಡೆದದ್ದು.

ಇಂಗ್ಲಿಷಿನ ಒಂದು ಹಳೇ ಕಾದಂಬರಿ. ಹೊಲಿಗೆ ಕೆಲಸದ ಹೆಣ್ಣೊಬ್ಬಳು ಹೊಡೆಯುವ ಗಂಡನನ್ನು ಬಿಟ್ಟು ಹೊರಟುಹೋಗುತ್ತಾಳೆ. ತಿರುಗಿ ಬರುವುದಿಲ್ಲ. ಇದನ್ನು ಹಿಂದೆ ಎರಡು ಸಲ ಸಿನಿಮಾ ಮಾಡಿದ್ದಾರೆ. ಬ್ಲ್ಯಾಕ್ ಅಂಡ್ ವೈಟ್‌ನದ್ದು ಪರವಾಗಿಲ್ಲ. ಎರಡನೆಯದರಲ್ಲಿ ಗಂಡನನ್ನು ಪಾಪದವನನ್ನಾಗಿ ಮಾಡಿ ಕೆಡಿಸಿದ್ದರು. ಈಗಿನದು ಮೂರನೆಯದು, ಕನ್ನಡಕ್ಕೆ ಡಬ್ ಆಗಿ ಟೀವಿಗೇ ಬಂದಿದೆ. ನನ್ನನ್ನು ಕೇಳಿದರೆ ಮೂರರಲ್ಲಿ ಇದೇ ಬೆಸ್ಟ್. ನಾಯಕಿ ಅಳುವುದೇ ಇಲ್ಲ. (ನಮ್ಮ ಸೀರಿಯಲ್‌ನವರು ನೋಡಿ ಕಲಿಯಲಿ.)

ತಂಗಿ ಸುಮಾ ಮೊಳಕಾಲ್ಮೂರಿನ ಗಂಡನ ಮನೆ ಬಿಟ್ಟು ಬೇಸಿಗೆಯಲ್ಲೇ ಬಂದಿದ್ದಳು. ಅವನ ಏಟಿಗೆ ಅವಳ ಬಲಗಿವಿ ಈಗಲೂ ಸರಿಯಾಗಿ ಕೇಳುವುದಿಲ್ಲ.

ಅವತ್ತು ರಾಜಿ ಮಾಡಿಸಲು ರಾಂಪುರದಿಂದ ದೊಡ್ಡಪ್ಪ ಬಂದಿದ್ದರು. ಟೀವಿಯಲ್ಲಿ ಇದೇ ಸಿನಿಮಾ, ಕೊನೇ ಸೀನು. ನಾಯಕಿ ಬಾಗಿಲಲ್ಲಿ ನಿಂತು ಗಂಡನಿಗೆ ಒಂದೇ ಮಾತು ಹೇಳುತ್ತಾಳೆ. ಕಾದಂಬರಿಯಲ್ಲಿ ಅದು ‘ಹೋಗುತ್ತೇನೆ’. ಡಬ್ಬಿಂಗ್ ಮಹಾಶಯರು ನಮ್ಮ ಪದ್ಧತಿಯಂತೆ ‘ಬರ್ತೀನಿ’ ಅನ್ನಿಸಿಬಿಟ್ಟಿದ್ದಾರೆ!

“ಕೇಳಿದ್ಯೇನವ್ವ?” ದೊಡ್ಡಪ್ಪ ಸುಮಾ ಕಡೆ ತಿರುಗಿದರು. “ಬರ್ತೀನಿ ಅಂದ್ಲು. ಆ ದೇಶದ ಹೆಂಗಸಿಗೇ ಅಷ್ಟು ಬುದ್ಧಿ ಐತೆ. ನೀನೂ ಹಂಗೇ ಹೇಳಿ ಬಂದೀಯಂತಲ್ಲ, ನಿಮ್ಮತ್ತೆ ಹೇಳಿದ್ರು.”

ಹೇಳದೆ ಇರುತ್ತಾಳಾ? ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು ಅಂತ ನಮ್ಮವ್ವ ತಿದ್ದಿ ಬೆಳೆಸಿದ ಮಗಳು. ಏಟು ತಿಂದು ಬರುವಾಗಲೂ ಅತ್ತೆಗೆ ‘ಬರ್ತೀನಿ’ ಅಂದೇ ಬಂದಿದ್ದಾಳೆ.

“ದೊಡ್ಡಪ್ಪ, ಅದು ಡಬ್ ಮಾಡಿದವ್ರ ತಪ್ಪು ಕಣ್ರಿ. ಅವಳು ತಿರುಗಿ ಬರಲ್ಲ” ಅಂದೆ.

“ನೀನು ಪೇಪರ್‌ಗೆ ಬರೆಯೋಳು. ನಿಂಗೆ ಎಲ್ಲಾದ್ರಲ್ಲೂ ತಪ್ಪೇ ಕಾಣ್ತೈತೆ.”

ದೊಡ್ಡಪ್ಪನ ಮಾತಿಗೆ ಅಪ್ಪ ಹೂಂ ಅಂತ ತಲೆಯಾಡಿಸಿದರು. ಅವ್ವ ಸುಮಾ ಬಟ್ಟೆ ಮಡಚಿ ಬ್ಯಾಗಿಗೆ ತುಂಬಿದಳು. ನಾನು ಕೂಗಾಡಿದೆ. ಟೀವಿಗಿದ್ದ ಬೆಲೆ ನನಗಿರಲಿಲ್ಲ. “ನಮ್ಮನೆಗೆ ಬಾರೇ” ಅಂತ ಸುಮಾಳ ಕೈ ಹಿಡಿದೆ. “ಎಷ್ಟು ದಿನ ಅಕ್ಕಾ?” ಅಂದಳು.

ದೊಡ್ಡಪ್ಪನ ಕಾರು ಸ್ಟಾರ್ಟ್ ಆಯಿತು. ಸುಮಾ ಹೊಸಿಲು ದಾಟಿ, ತಿರುಗಿ ಅವ್ವನ ಮುಖವನ್ನೇ ನೋಡಿ ಹೇಳಿದಳು: “ಹೋಗ್ತೀನಿ.”

ಅವ್ವ ನಡುಗಿಬಿಟ್ಟಳು. “ಬಿಡ್ತು ಅನ್ನೇ! ಬರ್ತೀನಿ ಅನ್ನು.”

ಸುಮಾ ಅನ್ನಲಿಲ್ಲ.

ಹೊಡೆಯುವವನ ಮನೆಗೆ ಮಗಳನ್ನು ಕಳಿಸಲು ಹೆದರದ ಅವ್ವ, ಒಂದು ಮಾತಿಗೆ ಹೆದರಿದಳಲ್ಲ!