ಕೊನೆಯ ಸಲ ಮುಖ ತೊಳೆಯುವಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಶವಾಗಾರದಲ್ಲಿ ಎಲ್ಲರೂ ಅಕ್ಕ ಎಂದು ಕರೆಯುವ ಹೆಂಗಸು ಬಕೆಟ್ಟಿನ ತಣ್ಣೀರಿಗೆ ಬಿಸಿನೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡುತ್ತಾಳೆ. ಸತ್ತವರಿಗೆ ಎಂಥ ಹದ ಎಂದು ಕಾವಲುಗಾರ ದಿನವೂ ಕಿಚಾಯಿಸುತ್ತಾನೆ. "ನಿನ್ನ ಸರದಿ ಬಂದಾಗ ತಣ್ಣೀರೇ ಸುರೀತೀನಿ ಬಿಡು" ಎಂದು ಅಕ್ಕ ಅವನ ಬಾಯಿ ಮುಚ್ಚಿಸುತ್ತಾಳೆ. ಆಮೇಲೆ ಮೇಜಿನ ಮೇಲಿರುವ ಮುದುಕಿಯ ಕೆನ್ನೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾಳೆ, ಮಲಗಿದ ಕೂಸನ್ನು ಎಬ್ಬಿಸಬಾರದು ಎನ್ನುವಷ್ಟು ಮೆಲ್ಲಗೆ.

ಇದು ಗಂಡ ಮಾಡುತ್ತಿದ್ದ ಕೆಲಸ. ಅವನು ತೀರಿಕೊಂಡಾಗ ಮಗಳಿನ್ನೂ ಅಂಬೆಗಾಲಿಡುತ್ತಿದ್ದಳು, ಹೊಟ್ಟೆಪಾಡು ಅಕ್ಕನನ್ನು ಇಲ್ಲಿಗೆ ತಂದಿತು. ಮೊದಲ ವಾರವೆಲ್ಲ ತುತ್ತು ಗಂಟಲಲ್ಲಿ ಇಳಿಯಲಿಲ್ಲವಂತೆ. ಈಗ ದಿನಕ್ಕೆ ಮೂರೋ ನಾಲ್ಕೋ ದೇಹ, ಹೆದ್ದಾರಿಯಲ್ಲಿ ಬಸ್ಸು ಮಗುಚಿದ ದಿನ ಲೆಕ್ಕವೇ ಇಲ್ಲ. ಬಾಡಿಗೆ ಮನೆ ಕೇಳಲು ಹೋದಾಗ "ಆಸ್ಪತ್ರೇಲಿ ಕೆಲಸ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ನಿಜ ಹೇಳಿ ಎರಡು ಮನೆ ಕಳೆದುಕೊಂಡವಳು ಅವಳು.

ಗುರುತಿಲ್ಲದ ಹೆಣ ಬಂದರೆ ಅಕ್ಕನ ಆರೈಕೆ ಇನ್ನೂ ಹೆಚ್ಚು. ಕೆಸರು ತೊಳೆದು, ತಲೆ ಬಾಚಿ, ಗಂಡಸಾದರೆ ಗಡ್ಡವನ್ನೂ ಹೆರೆದು ಇಡುತ್ತಾಳೆ. "ಗಲೀಜು ಮುಖ ತೋರಿಸಿದ್ರೆ ಹೆತ್ತವರೂ ಹೆದರಿ ಹಿಂದೆ ಸರೀತಾರೆ. ಅವರಿಗೆ ಗುರುತು ಸಿಗಲಿ ಅಂತಾನೇ ನಾನು ಚೊಕ್ಕ ಮಾಡೋದು" ಎನ್ನುತ್ತಾಳೆ. ಆ ಚೊಕ್ಕತನವೇ ಒಮ್ಮೆ ಅವಳನ್ನು ನಡುಗಿಸಿಬಿಟ್ಟಿತು.

ಹೋದ ಚಳಿಗಾಲದಲ್ಲಿ ಕಾಲುವೆಯ ಕೆಸರಿನಿಂದ ಒಬ್ಬ ಗಂಡಸನ್ನು ಎತ್ತಿ ತಂದರು. ತಲೆಗೆ ಹೊಡೆದು ಕೊಂದಿದ್ದರು, ಮೈಮೇಲೆ ನೂಲೆಳೆಯೂ ಇರಲಿಲ್ಲ. ಸತ್ತವನು ಯಾರೆಂದೇ ತಿಳಿಯದಿದ್ದರೆ ಕೊಂದವನನ್ನು ಎಲ್ಲಿ ಹುಡುಕುವುದು ಎಂದು ಇನ್ಸ್‌ಪೆಕ್ಟರು ತಲೆ ಚಚ್ಚಿಕೊಂಡರು. ವಾರದೊಳಗೆ ಯಾರೂ ಗುರುತಿಸದಿದ್ದರೆ ಹೂಳಬೇಕು, ಅಲ್ಲಿಗೆ ಕೊಲೆಯೂ ಮಣ್ಣಾದಂತೆ. ಮೀಸೆಯಲ್ಲಿ ರಕ್ತ ಕಲ್ಲಿನಂತೆ ಗಟ್ಟಿಯಾಗಿತ್ತು. ಎಷ್ಟು ನೆನೆಸಿದರೂ ಬಿಡಲಿಲ್ಲ. ಅಕ್ಕ ಗಡ್ಡದ ಜೊತೆ ಅದನ್ನೂ ಬೋಳಿಸಿದಳು.

ವಾರ ಮುಗಿಯುವ ಮುನ್ನಾದಿನ ಗಂಡ ಕಾಣೆಯಾದ ಹೆಂಗಸೊಬ್ಬಳು ಮೈದುನನೊಂದಿಗೆ ಬಂದಳು. ಹೊದಿಕೆ ಸರಿಸಲು ಅಕ್ಕ ಕೈ ಚಾಚಿದ್ದಳಷ್ಟೇ. ಮೈದುನ ಆಗಲೇ "ಇವನಲ್ಲ" ಎಂದುಬಿಟ್ಟ. ಹೊದಿಕೆ ಸರಿದ ಮೇಲೆ ಹೆಂಗಸು ಮಾತ್ರ ಬಾಗಿ ಬಹಳ ಹೊತ್ತು ನೋಡಿದಳು. ತನ್ನ ಗಂಡ ಮದುವೆಯ ದಿನದಿಂದಲೂ ಮೀಸೆ ತೆಗೆದವನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮೈದುನ ಭುಜ ಹಿಡಿದು ಅತ್ತಿಗೆಯನ್ನು ಹೊರಗೆ ನಡೆಸಿದ. ಹೋಗುವಾಗ ಅವಳು ಅಕ್ಕನ ಕೈ ಹಿಡಿದು, ಗಂಡ ಎಲ್ಲೋ ಬದುಕಿದ್ದಾನೆ ಎಂದು ನಕ್ಕಳು.

ಆಟೋ ಗೇಟು ದಾಟಿದ ಮೇಲೆ ಅಕ್ಕನಿಗೆ ಥಟ್ಟನೆ ಹೊಳೆಯಿತು. ಇಲ್ಲಿಗೆ ಬಂದವರೆಲ್ಲ ಮೊದಲು ಮುಖ ನೋಡುತ್ತಾರೆ, ಆಮೇಲೆ ಮಾತು. ಈತ ಮುಖವನ್ನೇ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ! ಅವನ ಸುಳ್ಳಿಗೆ ಒತ್ತಾಸೆಯಾಗಿ ನಿಂತದ್ದು ಮೀಸೆ ಬೋಳಿಸಿದ ತನ್ನದೇ ಕ್ಷೌರದ ಕತ್ತಿ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಮಗಳ ಓದು ನಿಲ್ಲುತ್ತದೆ. ಬಿಡದಿದ್ದರೆ ಆ ಹೆಂಗಸು ಜೀವಮಾನವಿಡೀ ಬಾಗಿಲು ಕಾಯುತ್ತಾಳೆ, ಅದೂ ಯಾರ ಜೊತೆ? ಅಕ್ಕ ಸೀದಾ ಠಾಣೆಗೆ ನಡೆದಳು.

ಇನ್ಸ್‌ಪೆಕ್ಟರು ಚೆನ್ನಾಗಿ ಬೈದರು. ಬೈದು ಮುಗಿಸಿ, ಆ ಹೆಂಗಸನ್ನು ಒಬ್ಬಳನ್ನೇ ಕರೆತರಲು ಒಪ್ಪಿದರು. ಅಷ್ಟರಲ್ಲಿ ಅಕ್ಕ ಸತ್ತವನ ಹಿಂದಲೆಯಿಂದಲೇ ಕೂದಲು ಕತ್ತರಿಸಿ, ಗೋಂದು ಹಚ್ಚಿ, ಒಂದೊಂದೇ ಎಳೆ ತುಟಿಯ ಮೇಲೆ ಕೂರಿಸಿದಳು.

ಈ ಸಲ ಹೆಂಗಸು ಬಹಳ ಹೊತ್ತು ನೋಡಲಿಲ್ಲ. ಕಿರುಚಲೂ ಇಲ್ಲ. ಹೊದಿಕೆಯನ್ನು ಗಂಡನ ಕತ್ತಿನವರೆಗೆ ಎಳೆದು ಸರಿಮಾಡಿ, ಅಕ್ಕನತ್ತ ತಿರುಗಿ ಕೇಳಿದಳು: "ಹಾಗಾದ್ರೆ ಮೈದುನ ಯಾಕೆ ಅಲ್ಲ ಅಂದ?"

ಉತ್ತರ ಕೇಳುತ್ತಿದ್ದವಳ ಮುಖದಲ್ಲೇ ಉತ್ತರ ಮೂಡುತ್ತಿತ್ತು, ಅದನ್ನು ನೋಡುತ್ತ ಅಕ್ಕ ನಿಲ್ಲಬೇಕಾಯಿತು. ಪೊಲೀಸರು ಮೈದುನನನ್ನು ಹಿಡಿದು ಕೇಳಿದಾಗ ಎಲ್ಲ ಬಯಲಾಯಿತು. ಅಪ್ಪ ಬಿಟ್ಟುಹೋದ ಅಂಗಡಿಯ ಪಾಲಿಗಾಗಿ ತಮ್ಮನೇ ಅಣ್ಣನನ್ನು ಕೊಂದಿದ್ದ. ಕೊಂದ ಕೈಯಿಂದಲೇ ಅತ್ತಿಗೆಯ ಭುಜ ಹಿಡಿದು ಸಮಾಧಾನ ಮಾಡಿದ್ದ. ಆ ಮನೆಯಲ್ಲೇ ವಾರವಿಡೀ ಊಟಕ್ಕೆ ಕೂತಿದ್ದ.

ಅಕ್ಕನ ಕೆಲಸ ಹೋಗಲಿಲ್ಲ. ಹೊಗಳಿ ಯಾರೂ ಹಾರ ಹಾಕಲೂ ಇಲ್ಲ. ಈಗಲೂ ಅವಳು ಮುಖ ತೊಳೆಯುತ್ತಾಳೆ, ಕತ್ತಿ ಮಾತ್ರ ಮುಟ್ಟುವುದಿಲ್ಲ. ಸಂಬಳ ಹೆಚ್ಚಬೇಕೇ, ಬೇರೆ ಕೆಲಸ ಬೇಕೇ ಎಂದು ಕೇಳಿದರೆ ಬೇಡವೆಂದು ತಲೆಯಾಡಿಸುತ್ತಾಳೆ. ಮೇಲಿನವರಲ್ಲಿ ಅವಳದು ಒಂದೇ ಬೇಡಿಕೆ.

"ಗುರುತು ಹಿಡಿಯೋಕೆ ಬಂದವರನ್ನ ಒಬ್ಬೊಬ್ಬರನ್ನೇ ಒಳಗೆ ಬಿಡಲಿ. ಜೊತೆಗೆ ಬಂದವರು ಹೊರಗೇ ಕೂತಿರಲಿ, ಎಷ್ಟೇ ಹತ್ತಿರದವರಾದ್ರೂ."